ಸೀಟು ಹಿಡಿಯಲು ಹೋದ ದಿನ

ಜೂನ್ ತಿಂಗಳ ಕೊನೆಯ ಶುಕ್ರವಾರ, ಬೆಳಿಗ್ಗೆ ಆರೂವರೆ, ಬೈಲಹೊಂಗಲದ ಬಸ್ ನಿಲ್ದಾಣ. ಹಾಜರಿದ್ದವರು ಮೂವರು: ನಾನು, ನನ್ನ ತಮ್ಮನ ಮಗಳು, ಅವಳ ಮಗಳು. ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದ ನನಗೆ ಯಾವ ಸಂಗತಿಯನ್ನೂ ಹೀಗೇ ಶುರು ಮಾಡಿ ರೂಢಿ. ಪಾಳಿ ಮುಗಿಸುವಾಗ ಮುಂದಿನವಳಿಗೆ ವಾರ್ಡನ್ನು ಒಪ್ಪಿಸಬೇಕು: ಯಾವ ದಿನ, ಯಾವ ಹೊತ್ತು, ಯಾರಿದ್ದರು, ಏನಾಯಿತು. ಸಿಟ್ಟು ಬಂದಿದ್ದರೆ ಅದನ್ನು ಮಾತ್ರ ಬರೆಯಬಾರದು ಎಂದು ಕಲಿಸಿದ್ದರು. ಈಗ ನಿವೃತ್ತಳಾಗಿದ್ದೇನೆ. ಅದನ್ನೂ ಬರೆಯುತ್ತೇನೆ.

ಹುಡುಗಿಗೆ ರಾಮದುರ್ಗದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು. ಮೂಲ ದಾಖಲೆ ತೋರಿಸಿ ಹೆಸರು ಹಚ್ಚಲು ಅವತ್ತೇ ಕಡೇ ದಿನ, ಸಂಜೆ ನಾಲ್ಕರೊಳಗೆ. ತಪ್ಪಿದರೆ ಸೀಟು ಮುಂದಿನವರ ಪಾಲು. ವಾರದ ಮೊದಲೇ ಹೋಗಬೇಕಿತ್ತು, ಆದರೆ ಜಾತಿ ಪ್ರಮಾಣಪತ್ರ ಕೈಗೆ ಬಂದದ್ದು ಗುರುವಾರ ಸಂಜೆ. ತಹಸೀಲ್ದಾರ ಕಚೇರಿಗೆ ಎಷ್ಟು ಸಲ ಹೋದರೂ ಒಂದೇ ಉತ್ತರ: ಸಾಹೇಬರು ಸೀಟಿನಲ್ಲಿ ಇಲ್ಲ.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ, ಅವಳ ತಾಯಿ ನಡುವೆ, ನಾನು ಅಂಚಿಗೆ ಕೂತೆವು. ತಾಯಿಯ ತೊಡೆಯ ಮೇಲೆ ನೀಲಿ ಕೈಚೀಲ. ದಾಖಲೆಗಳೆಲ್ಲ ಅದರಲ್ಲಿ, ಮಧ್ಯಾಹ್ನದ ಬುತ್ತಿಯೂ ಅದರಲ್ಲೇ.

"ಇವತ್ತ ಎರಡ ಸೀಟ್ ಸಿಗಬೇಕ ನೋಡವಾ," ಎಂದಳು ತಾಯಿ ಮಗಳಿಗೆ. "ಒಂದ ಸವದತ್ಯಾಗ ರಾಮದುರ್ಗದ ಬಸ್ಸಿಗೆ, ಒಂದ ಕಾಲೇಜಿನ್ಯಾಗ."

"ಮೂರು," ಎಂದಳು ಹುಡುಗಿ. "ಕಾಲೇಜಿನ ಕ್ಲಾರ್ಕನೂ ಸೀಟಿನ್ಯಾಗ ಇರಬೇಕಲ್ಲ."

ನಕ್ಕೆವು. ನನ್ನ ತಮ್ಮನ ಮಗಳು ಬೈಲಹೊಂಗಲದ ಪೇಟೆಯಲ್ಲಿ ಟೇಲರ್ ಕೆಲಸ ಮಾಡುತ್ತಾಳೆ. ಅವಳ ಟೇಪಿನಲ್ಲಿ ಸೀಟು ಎಂದರೆ ಸೊಂಟದ ಕೆಳಗಿನ ಸುತ್ತಳತೆ. "ಸೀಟ್ ಮೂವತ್ತೆಂಟು, ಬರಕೋ" ಎಂದು ಗಿರಾಕಿಯ ಮುಂದೆಯೇ ಕೂಗುತ್ತಾಳೆ, ಗಿರಾಕಿಗೂ ನಾಚಿಕೆಯಿಲ್ಲ. ಅವಳ ಅಂಗಡಿಯ ಪಕ್ಕದಲ್ಲಿ ಪಾಯಖಾನೆ ಸಾಮಾನು ಮಾರುವವನು ಇಂಡಿಯನ್ ಸೀಟು, ವೆಸ್ಟರ್ನ್ ಸೀಟು ಎಂದು ಹಲಗೆಯ ಮೇಲೆ ಬರೆಸಿ ಹಾಕಿದ್ದಾನೆ. ಚುನಾವಣೆ ಬಂದರೆ ಅದೇ ಹಲಗೆಯ ಕೆಳಗೆ ನಿಂತು ನಾಲ್ಕು ಜನ ಈ ಸಲ ಸೀಟು ಯಾರಿಗೆ ಎಂದು ಜಗಳಾಡುತ್ತಾರೆ. ಸೈಕಲ್ಲಿಗೆ ಸೀಟು, ಟಾಕೀಸಿಗೆ ಸೀಟು, ಹಾಸ್ಟೆಲ್ಲಿಗೆ ಸೀಟು. ಹುಡುಗಿ ಒಂದೊಂದೇ ಹೇಳುತ್ತ ಹೋದಳು. ಇಂಗ್ಲಿಷರದು ಇಷ್ಟು ಬಡ ಭಾಷೆಯೇ, ಆಯಿ, ಎಲ್ಲಕ್ಕೂ ಒಂದೇ ಮಾತು ಎಂದು ಕೇಳಿದಳು. ನನ್ನನ್ನು ಅವಳು ಆಯಿ ಅನ್ನುತ್ತಾಳೆ, ಅಜ್ಜಿ ಎಂಬಂತೆ.

ನಾನು ಹೇಳಿದೆ, ನಮ್ಮ ಭಾಷೆ ಬಹಳ ಶ್ರೀಮಂತ, ಅದೇ ನಮಗೆ ತೊಂದರೆಯಾದದ್ದು ಎಂದು. ಕನ್ನಡದಲ್ಲಿ ಕೂಡುವ ಜಾಗಕ್ಕೆ ಮಣೆ, ಜಗಲಿ, ಕಟ್ಟೆ, ಗಾದಿ, ಪೀಠ, ಗದ್ದುಗೆ ಎಂದು ಎಷ್ಟು ಮಾತುಗಳಿವೆ! ಒಂದೊಂದಕ್ಕೂ ಒಡೆಯನಿದ್ದಾನೆ. ಗಾದಿ ಸಾಹುಕಾರನದು, ಪೀಠ ಸ್ವಾಮಿಗಳದು, ಜಗಲಿ ಮನೆಯವರದು. ಅವರು "ಬರ್ರಿ, ಕುಂದರ್ರಿ" ಅನ್ನುವವರೆಗೆ ನಿಂತಿರಬೇಕು. ಈ ಸೀಮೆಯಲ್ಲಿ ಬಂದವರಿಗೆಲ್ಲ ಬಾಯಿತುಂಬ ಹಾಗೆ ಅನ್ನುತ್ತಾರೆ ಎಂದು ಹೊಗಳಿ ಬರೆದವರಿದ್ದಾರೆ. ನನ್ನ ಅಪ್ಪನಿಗೆ ಯಾರೂ ಅಂದಿರಲಿಲ್ಲ. ನಮ್ಮದು ಬೌದ್ಧ ಕುಟುಂಬ. ಅಪ್ಪ ಬುದ್ಧನ ಚಿತ್ರವನ್ನು ಗೋಡೆಗೆ ಹಾಕುವ ಮುಂಚೆ ಹೂಲಿಯ ಹತ್ತಿರದ ಹಳ್ಳಿಯೊಂದರ ಹೊರಗಿನ ಕೇರಿಯಲ್ಲಿದ್ದ. ಶಾಲೆಯಲ್ಲಿ ಅವನ ಜಾಗ ಬಾಗಿಲ ಹೊರಗೆ, ಚಹಾದ ಅಂಗಡಿಯಲ್ಲಿ ಗಟಾರದ ದಂಡೆಗೆ. ನನಗೆ ನರ್ಸಿಂಗ್ ಸೀಟು ಸಿಕ್ಕಿತು ಎಂದಾಗ ಅವನು "ಸೀಟ್ ಅಂದ್ರ ಕುರ್ಚೀನ ಏನವಾ?" ಎಂದು ಕೇಳಿದ. ಹೌದಪ್ಪಾ, ಸರಕಾರದ ಕುರ್ಚಿ ಎಂದೆ. "ಕುಂದರು ಮತ್ತ" ಎಂದ.

ಆದ್ದರಿಂದ ಆ ಇಂಗ್ಲಿಷ್ ಮಾತಿನ ಮೇಲೆ ನನಗೆ ಗೌರವ. ಅದು ನಮ್ಮ ಊರಿಗೆ ಬಂದಾಗ ಅದಕ್ಕೆ ಒಡೆಯ ಇರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಇದ್ದವನದು, ಪರೀಕ್ಷೆಯಲ್ಲಿ ನಂಬರ್ ಇದ್ದವನದು. ಕೂಡಲು ಯಾರನ್ನೂ ಕೇಳಬೇಕಿರಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ನನ್ನ ತಲೆಯ ಮೇಲೆ, ಕಂಬಿ ಹಿಡಿದು ನಿಂತಿದ್ದ ಒಬ್ಬ ಗಂಡಸು ಯಾರಿಗೋ ಹೇಳುವಂತೆ ಹೇಳಿದ: "ರೊಕ್ಕಾ ಕೊಟ್ಟಾವ್ರು ನಿಂತೇವಿ, ಫುಕಟ್ ಮಂದಿ ಕುಂತಾರ. ಕಾಲಮಾನ!"

ಹೆಂಗಸರಿಗೆ ಬಸ್ಸು ಉಚಿತವಾದಂದಿನಿಂದ ಈ ಮಾತು ಕೇಳದ ಪ್ರಯಾಣವಿಲ್ಲ. ನಾನು ಬಾಯಿ ತೆರೆಯುವ ಮೊದಲೇ ತಮ್ಮನ ಮಗಳು ತಿರುಗಿದಳು.

"ಅಣ್ಣಾರ, ನಿಮ್ಮ ಮನೀ ಹೆಣ್ಮಕ್ಕಳು ಸಂತಿಗೆ ನಡ್ಕೊಂತ ಹೋಗತಾರೇನ್ರಿ?"

"ನಾ ನಿಮಗ ಅಂದಿಲ್ರಿ."

"ಮತ್ತ ಯಾರಿಗ ಅಂದ್ರಿ, ಡ್ರೈವರಗ?"

ಸುತ್ತಲಿನವರು ನಕ್ಕರು. ಅವನು ಸವದತ್ತಿಯವರೆಗೆ ಕಿಟಕಿಯ ಹೊರಗೆ ನೋಡುತ್ತ ನಿಂತ.

ಶುಕ್ರವಾರ ಸವದತ್ತಿ ನಿಲ್ದಾಣದಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರ ಗದ್ದಲ. ಅಲ್ಲಿ ಬಸ್ಸು ಹತ್ತುವ ಪದ್ಧತಿಯನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದಂತೆ ಜನ ಅದರ ಜೊತೆಗೇ ಓಡುತ್ತಾರೆ, ಬಾಗಿಲಿಗಲ್ಲ, ಕಿಟಕಿಗಳಿಗೆ. ಕೈಗೆ ಸಿಕ್ಕದ್ದನ್ನು ಒಳಗೆ ಒಗೆಯುತ್ತಾರೆ. ಟವೆಲ್ಲು, ಕರವಸ್ತ್ರ, ಬುತ್ತಿಯ ಚೀಲ, ಒಮ್ಮೆ ಒಬ್ಬಾಕೆ ಕೂಸನ್ನೇ ದಾಟಿಸಿದ್ದನ್ನು ನಾನು ನೋಡಿದ್ದೇನೆ. ಒಗೆದದ್ದು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಒಗೆದವರದು. ಇದಕ್ಕೆ ಯಾವ ಕಾಯಿದೆಯೂ ಇಲ್ಲ, ಆದರೆ ಇದನ್ನು ಮೀರಿ ಕೂತವನನ್ನು ಇಡೀ ಬಸ್ಸು ಕೂಡಿ ಎಬ್ಬಿಸುತ್ತದೆ. ನಾನು ಇದನ್ನು ಮೊದಲಿನಿಂದಲೂ ವಿರೋಧಿಸಿದವಳು. ಸಾಲಾಗಿ ನಿಂತು ಹತ್ತಿದರೆ ಅರ್ಧ ಹೊತ್ತಿನಲ್ಲಿ ಎಲ್ಲರೂ ಒಳಗಿರುತ್ತಾರೆ. ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನು ಗುಣವಾಗದ ರೋಗಿಯನ್ನು ನೋಡುವಂತೆ ನೋಡುತ್ತಾರೆ.

ರಾಮದುರ್ಗ ಎಂಬ ಹಲಗೆ ಹೊತ್ತ ಬಸ್ಸು ಒಳಗೆ ಬಂತು. ನಾನು "ನಿಲ್ಲು" ಅನ್ನುವುದರೊಳಗೆ ತಮ್ಮನ ಮಗಳು ಸೆರಗು ಸಿಕ್ಕಿಸಿ ಓಡಿದಳು. ಕೈಯಲ್ಲಿ ಬೇರೇನೂ ಇರಲಿಲ್ಲ. ನೀಲಿ ಚೀಲವನ್ನು ಮೂರನೇ ಕಿಟಕಿಯಿಂದ ಒಗೆದಳು.

"ಹಿಡದೆ ಅತ್ತಿ! ಬರ್ರಿ ಲಗೂನ!"

ಬಾಗಿಲಿನ ನೂಕಾಟದಲ್ಲಿ ನಾವು ಮೂವರೂ ಸಿಕ್ಕಿಕೊಂಡಾಗ ಮೇಲಿನಿಂದ ಕಂಡಕ್ಟರನ ದನಿ ಕೇಳಿತು: "ಕಿತ್ತೂರ, ಕಿತ್ತೂರ! ದೊಡವಾಡ, ಬೈಲಹೊಂಗಲ, ಕಿತ್ತೂರ! ರಾಮದುರ್ಗ ಅಲ್ಲ, ಬೋರ್ಡ್ ನೋಡಬ್ಯಾಡ್ರಿ, ನನ್ನ ಬಾಯಿ ನೋಡ್ರಿ!" ಬಸ್ಸು ರಾಮದುರ್ಗದಿಂದ ಬಂದಿತ್ತು, ಹಲಗೆ ತಿರುಗಿಸಿರಲಿಲ್ಲ. ರಾಮದುರ್ಗದವರು ಹಿಂದೆ ಸರಿದರು, ಕಿತ್ತೂರಿನವರು ಮುಂದೆ ನುಗ್ಗಿದರು, ನಾವು ನೆಲಕ್ಕೆ ಬಂದೆವು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ನಮ್ಮ ಚೀಲ ಒಳಗೈತಿ!" ಎಂದು ತಮ್ಮನ ಮಗಳು ಕೂಗಿದಳು.

"ಎಲ್ಲಾರ್ದೂ ಒಳಗ ಐತಿ ಅಕ್ಕಾರ," ಎಂದ ಕಂಡಕ್ಟರ್. "ಹತ್ತಾಕ ಎಲ್ಲಾರೂ ಇದನ್ನ ಹೇಳತೀರಿ. ಫ್ರೀ ಮಂದಿ ಭಾಳ ಆತು, ಹಿಂದಿನ ಗಾಡಿಗೆ ಬರ್ರಿ."

"ನಾವು ಹತ್ತೂದಿಲ್ಲಪಾ, ಚೀಲ ಅಷ್ಟ ಕೊಡು! ಹುಡಿಗೀ ಮಾರ್ಕ್ಸ್ ಕಾರ್ಡ್ ಅದಾವು!"

"ರೈಟ್!" ಎಂದು ಬಾಗಿಲು ಎಳೆದುಕೊಂಡ. ಬಸ್ಸು ಹೋಯಿತು.

ಅವನ ಮಾತಿನಲ್ಲಿ ಒಂದು ಪಾಲು ಸತ್ಯವಿತ್ತು. ನಿಜಕ್ಕೂ ಎಲ್ಲರೂ ಅದನ್ನೇ ಹೇಳುತ್ತಾರೆ, ಒಳಗೆ ಏನೂ ಇಲ್ಲದವರೂ ಹೇಳುತ್ತಾರೆ. ಆದರೆ ಒಬ್ಬ ಮುದುಕಿ, ಒಬ್ಬ ತಾಯಿ, ಅಳುತ್ತಿರುವ ಒಬ್ಬ ಹುಡುಗಿ ಹತ್ತುವುದಿಲ್ಲ ಎಂದು ಹೇಳಿ ಚೀಲ ಮಾತ್ರ ಕೇಳಿದರೆ, ಮೂರನೇ ಕಿಟಕಿಯ ಕಡೆ ತಲೆ ತಿರುಗಿಸಲು ಎಷ್ಟು ಹೊತ್ತು ಬೇಕು? ಸಿಟ್ಟು ಬಂತು, ಬರೆದಿಡುತ್ತಿದ್ದೇನೆ.

ಕಂಟ್ರೋಲರನ ಕೋಣೆಗೆ ಹೋದೆವು. ಕುರ್ಚಿ ಇತ್ತು, ಅದರ ಬೆನ್ನಿಗೆ ಟವೆಲ್ಲು ಇತ್ತು, ಕಂಟ್ರೋಲರ್ ಇರಲಿಲ್ಲ. ಚಹಾದ ಅಂಗಡಿಗೆ ಹೋಗಿ ನಾನೇ ಕರೆದು ತಂದೆ. ಬಸ್ಸಿಗೆ ಫೋನು ಮಾಡಿದ, ಯಾರೂ ಎತ್ತಲಿಲ್ಲ.

"ಗದ್ಲದಾಗ ಕೇಳಸಿರಾಂಗಿಲ್ರಿ. ಸಂಜಿಗೆ ಗಾಡಿ ತಿರಗಿ ಬರ್ತೈತಿ, ಆವಾಗ ಬರ್ರಿ."

"ಸಂಜಿಗೆ ಈ ಹುಡಿಗೀ ಸೀಟ್ ಹೋಗಿರ್ತೈತಿ," ಎಂದೆ. "ಮತ್ತ ಹಚ್ಚು. ಎತ್ತೂತನಾ ಹಚ್ಚು. ನಾ ಇಲ್ಲೇ ನಿಂತಿರತೇನಿ."

ಹಚ್ಚಿದ. ಕೊನೆಗೆ ಆ ಕಡೆಯಿಂದ ಉತ್ತರ ಬಂತು: ಚೀಲ ಸಿಕ್ಕಿದೆ. ದೊಡವಾಡದಲ್ಲಿ ಎದುರಿನಿಂದ ಸವದತ್ತಿಗೆ ಬರುವ ಬಸ್ಸು ಸಿಗುತ್ತದೆ, ಅದರ ಡ್ರೈವರನ ಕೈಗೆ ಕೊಡುತ್ತೇನೆ. ನಮ್ಮ ಕಡೆ ಹಾಸ್ಟೆಲ್ಲಿನಲ್ಲಿರುವ ಮಕ್ಕಳಿಗೆ ಊರಿನಿಂದ ಬುತ್ತಿ ಹೋಗುವುದು ಹೀಗೇ, ಡ್ರೈವರನ ಎಡಗಡೆ ಇಟ್ಟುಕೊಂಡು, ಒಂದು ಬಸ್ಸಿನಿಂದ ಇನ್ನೊಂದಕ್ಕೆ ದಾಟುತ್ತ. ಆದರೆ ಆ ಬಸ್ಸು ಯಾವಾಗ ಬಂದೀತು ಎಂದು ಯಾರೂ ಖಾತ್ರಿ ಹೇಳಲಿಲ್ಲ.

ನಾನು ಪಾಳಿ ಹಂಚಿದೆ. ತಾಯಿ ಸವದತ್ತಿಯಲ್ಲೇ ನಿಂತು ಚೀಲ ತರಬೇಕು. ನಾನು ಹುಡುಗಿಯನ್ನು ಕರೆದುಕೊಂಡು ರಾಮದುರ್ಗಕ್ಕೆ ಹೋಗಿ ಕಾಲೇಜಿನಲ್ಲಿ ಕೂತಿರಬೇಕು.

"ಕೈಯಾಗ ಕಾಗದ ಇಲ್ದ ಹೋಗಿ ಏನ್ ಮಾಡೂದ ಆಯಿ?" ಎಂದಳು ಹುಡುಗಿ.

"ನೀ ಬಂದೀ ಅನ್ನೂದಾದ್ರೂ ಗೊತ್ತಾಗಲಿ. ಕಾಣದಾವರ ಸೀಟ್ ಮೊದಲ ಹೋಗತೈತಿ."

ರಾಮದುರ್ಗದವರೆಗೆ ಇಬ್ಬರೂ ನಿಂತೇ ಹೋದೆವು. ಒಗೆಯಲು ನಮ್ಮ ಹತ್ತಿರ ಏನೂ ಇರಲಿಲ್ಲ, ಇದ್ದಿದ್ದರೂ ನಾನು ಒಗೆಯಲು ಬಿಡುತ್ತಿರಲಿಲ್ಲ.

ಕಾಲೇಜಿನ ಕಚೇರಿಯಲ್ಲಿ ಕ್ಲಾರ್ಕು, ಹುಡುಗಿ ಹೆದರಿದ್ದಂತೆ, ಸೀಟಿನಲ್ಲಿ ಇರಲಿಲ್ಲ. ಅವನ ಮೇಜಿನ ಈ ಕಡೆ ಒಂದೇ ಒಂದು ಕುರ್ಚಿ. ನಾನು ಅದರಲ್ಲಿ ಕೂತೆ. ಹುಡುಗಿ ಪಕ್ಕದಲ್ಲಿ ನಿಂತಳು. ಅವನು ಬಂದ, ನನ್ನನ್ನು ನೋಡಿದ.

"ಯಾರ್ರಿ ನೀವು? ಅಲ್ಲ್ಯಾಕ ಕುಂತೀರಿ? ಅದು ಸಾಹೇಬರ ಕಡೆ ಬಂದಾವ್ರಿಗೆ."

"ನಾವೂ ಬಂದೇವಿ."

ಚೀಲದ ಕಥೆ ಹೇಳಿದೆ. ಹುಡುಗಿ ತನ್ನ ಮೊಬೈಲಿನಲ್ಲಿದ್ದ ಫೋಟೊಗಳನ್ನು ತೋರಿಸಿದಳು. ಅವನು ನೋಡಲಿಲ್ಲ.

"ಫೋಟೊ ನಡೆಯೂದಿಲ್ಲ. ಒರಿಜಿನಲ್ ಬೇಕು. ಬಸ್ಸಿನ್ಯಾಗ ಒಗದ ಬಂದ್ರ ನಾ ಏನ್ ಮಾಡ್ಲಿ? ಯಾ ಸೀಟ್ ಇದು? ಕೋಟಾದ್ದೇನ್ರಿ?"

"ಹೌದು."

"ಹಂಗ ಅನ್ರಿ," ಎಂದ. ಅಷ್ಟೇ ಅಂದದ್ದು. ಆ ಎರಡು ಮಾತನ್ನು ನಾನು ತರಬೇತಿಯ ಮೊದಲ ದಿನದಿಂದ ಕೇಳಿದ್ದೇನೆ, ಬೇರೆ ಬೇರೆ ಬಾಯಲ್ಲಿ, ಅದೇ ರಾಗದಲ್ಲಿ. ವಾರ್ಡಿನಲ್ಲಿ ಸೂಜಿ ಚುಚ್ಚಿಸಿಕೊಂಡು, ಗಾಯ ತೊಳೆಸಿಕೊಂಡು, ಮಲ ಬಳಿಸಿಕೊಂಡು, ಆಮೇಲೆ "ಸಿಸ್ಟರ್, ನಿಮ್ದು ಯಾ ಮಂದಿ?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ "ಹಂಗ ಅನ್ರಿ" ಅಂದವರಿದ್ದಾರೆ.

"ಹಂಗ ಅಂದ್ರ ಹೆಂಗ?" ಎಂದು ಕೇಳಿದೆ.

"ಏನಿಲ್ರಿ."

"ಇಲ್ಲ, ಹೇಳ್ರಿ. ಮೀಸಲಾತಿ ಸೀಟ ಇದು. ನನ್ನ ನರ್ಸಿಂಗ್ ಸೀಟೂ ಮೀಸಲಾತೀದ. ಇವರಜ್ಜ, ನನ್ನ ತಮ್ಮ, ಅವನ ನೌಕರೀನೂ. ಕದ್ದದ್ದಲ್ಲ, ಬೇಡಿದ್ದಲ್ಲ. ನಿಮ್ಮ ಮಂದಿ ಕುಂದರೂ ಜಗಲೀಗೆ ಯಾ ಪರೀಕ್ಷಾ ಇತ್ತರಿ?"

ಅವನು ಕಂಪ್ಯೂಟರಿನ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. ಬೆನ್ನು ತೋರಿಸಿ ಮಾತಾಡಿದ, ಆದರೆ ದನಿ ಇಳಿಸಲಿಲ್ಲ. "ಹೂಂರಿ, ಒಂದ ಖಾಲಿ ಆಗೂ ಹಂಗ ಕಾಣತೈತಿ. ನೀವು ನಾಕಕ್ಕ ಇಲ್ಲಿರ್ರಿ." ಹುಡುಗಿ ನನ್ನ ಭುಜವನ್ನು ಹಿಡಿದಳು. ಅವಳ ಉಗುರು ಚುಚ್ಚಿತು.

ಮಧ್ಯಾಹ್ನ ಊಟದ ಹೊತ್ತಾಯಿತು. "ಆಫೀಸ್ ಮುಚ್ಚಬೇಕ್ರಿ, ಹೊರಗ ಕುಂದರ್ರಿ," ಎಂದ. ಆ ದಿನ ನಮಗೆ ಯಾರಾದರೂ ಕುಂದರ್ರಿ ಅಂದದ್ದು ಅದೊಂದೇ ಸಲ, ಅದೂ ಹೊರಗೆ.

"ನೀವು ಉಂಡ ಬರ್ರಿ. ನಾ ಏಳೂದಿಲ್ಲ. ನಾ ಎದ್ರ ನೀವು ಖಾಲಿ ಅಂತ ಬರೀತೀರಿ."

"ಇದೇನ್ರಿ ಅಜ್ಜೀ, ಬಸ್ಸಿನ್ಯಾಗ ಟವೆಲ್ ಒಗದಂಗ ಕುಂತೀರಲ್ಲ!"

ಹುಡುಗಿಗೆ ಅಷ್ಟು ದುಃಖದಲ್ಲೂ ನಗು ಬಂದುಬಿಟ್ಟಿತು. ನನಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು. ನನಗೆ ಹಿಡಿಸದ ಪದ್ಧತಿಯನ್ನೇ ನಾನು ಮಾಡುತ್ತಿದ್ದೆ. ಆದರೂ ಏಳಲಿಲ್ಲ. ಸಾಲು ಇರುವ ಕಡೆ ಸಾಲಿನಲ್ಲಿ ನಿಲ್ಲುವವಳು ನಾನು. ಇಲ್ಲಿ ಸಾಲು ಎಲ್ಲಿತ್ತು? ಫೋನಿನಲ್ಲಿ ಮಾತಾಡಿದವನು ಯಾವ ಸಾಲಿನಲ್ಲಿ ನಿಂತಿದ್ದ? ಅವನು ದೂರದಲ್ಲಿ ಕೂತೇ ಏನನ್ನೋ ಒಗೆದಿದ್ದ, ಅದು ನಮ್ಮ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ ಅಷ್ಟೆ. ಕ್ಲಾರ್ಕು ಗೊಣಗುತ್ತ ಕಪಾಟಿಗೆ ಕೀಲಿ ಹಾಕಿ, ಬಾಗಿಲು ತೆರೆದೇ ಇಟ್ಟು ಊಟಕ್ಕೆ ಹೋದ.

ಅವನು ಊಟ ಮುಗಿಸಿ ಬಂದ ಮೇಲೆ, ಮೂರಕ್ಕೆ ಮುಂಚೆ, ತಮ್ಮನ ಮಗಳು ಬಂದಳು. ಕೂದಲು ಬಿಚ್ಚಿತ್ತು, ಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದಳು. ಕ್ಲಾರ್ಕು ಒಂದೊಂದು ಕಾಗದವನ್ನೂ ಬೆಳಕಿಗೆ ಹಿಡಿದು ನೋಡಿದ. ಜಾತಿ ಪ್ರಮಾಣಪತ್ರವನ್ನು ಎರಡು ಸಲ ನೋಡಿದ. ತಪ್ಪು ಸಿಗಲಿಲ್ಲ.

"ಬರೋಬರಿ ಐತಿ," ಎಂದ. ತನ್ನ ಫೋನು ಮತ್ತೆ ಬಡಿದುಕೊಂಡಾಗ ಎತ್ತಲಿಲ್ಲ.

ಸಹಿ ಮಾಡಲು ಹುಡುಗಿಗೆ ಕಾಗದ ಕೊಟ್ಟ. ನಾನು ಎದ್ದೆ, ಅವಳನ್ನು ಆ ಕುರ್ಚಿಯಲ್ಲಿ ಕೂಡಿಸಿದೆ. ನಿಂತು ಮಾಡಿದರೂ ಆಗುತ್ತದೆ ಎಂದ ಅವನು. ಆಗುತ್ತದೆ, ಆದರೆ ಅಕ್ಷರ ಸೊಟ್ಟಾಗುತ್ತದೆ ಎಂದೆ. ಹುಡುಗಿ ತನ್ನ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಬರೆದಳು. ಅವನು ಠಸ್ಸೆ ಒತ್ತಿ ರಸೀದಿ ಕೊಟ್ಟ. ಸೀಟು ಅವಳದಾಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದಾಗ ತಮ್ಮನ ಮಗಳು ಚೀಲ ಬಂದ ಬಗೆ ಹೇಳಿದಳು. ಎದುರು ಬಸ್ಸಿನ ಡ್ರೈವರನಿಗೆ ಕಿತ್ತೂರಿನ ಕಂಡಕ್ಟರ್ ಹೇಳಿ ಕಳಿಸಿದ್ದನಂತೆ. ಸವದತ್ತಿಯಿಂದ ಅಷ್ಟು ದೂರ ಬಸ್ಸು ತುಂಬಿ ತುಳುಕುತ್ತಿದ್ದರೂ ಚೀಲ ಇದ್ದ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಒಬ್ಬ ಬಸುರಿ ಕಂಬಿ ಹಿಡಿದು ನಿಂತಿದ್ದಳಂತೆ. ಟಿಕೆಟ್ ಕೊಡಲು ಅಲ್ಲಿಗೆ ಬಂದಾಗ ಇದು ಯಾರದು ಎಂದು ಕಂಡಕ್ಟರ್ ಕೇಳಿದ್ದಾನೆ, ಯಾರೂ ನಮ್ಮದು ಅಂದಿಲ್ಲ. ಆಗ ಅವನಿಗೆ ನಮ್ಮ ಕೂಗು ನೆನಪಾಗಿದೆ.

"ಭಾಳ ಮರ್ಯಾದಸ್ತ ಮಂದಿ ಅತ್ತಿ, ಚೀಲ ಮುಟ್ಟಿಲ್ಲ ನೋಡ್ರಿ," ಎಂದಳು.

ಚೀಲಕ್ಕೆ ಮರ್ಯಾದೆ! ಕೆಳಗೆ ನಿಂತು ಕೂಗಿದ ಮೂವರು ಹೆಂಗಸರಿಗೆ ಇಲ್ಲದ್ದು, ಕಂಬಿ ಹಿಡಿದು ನಿಂತ ಬಸುರಿಗೆ ಇಲ್ಲದ್ದು, ಎರಡು ಹಿಡಿಕೆಯ ಒಂದು ಬಟ್ಟೆಯ ಚೀಲಕ್ಕೆ ಸಿಕ್ಕಿತು. ತಮ್ಮನ ಮಗಳಿಗೂ ಅಲ್ಲೇ ಹೇಳಿದೆ, ಇನ್ನು ಮೇಲೆ ಏನನ್ನಾದರೂ ಒಗೆದರೆ ನಿನ್ನ ಜೊತೆ ಬಸ್ಸು ಹತ್ತುವುದಿಲ್ಲ ಎಂದು. ಅವಳು "ಹೂಂ ಅತ್ತಿ" ಎಂದಳು. ಒಗೆಯುವುದನ್ನು ಬಿಡುವ ದನಿಯಾಗಿರಲಿಲ್ಲ ಅದು.

ಮನೆಗೆ ಬಂದು ಕೈಕಾಲು ತೊಳೆದು ಡಿಪೊ ಮ್ಯಾನೇಜರರಿಗೆ ದೂರು ಬರೆಯಲು ಕೂತೆ. ಹಲಗೆ ತಿರುಗಿಸಿರಲಿಲ್ಲ, ಚೀಲ ಕೇಳಿದರೂ ತಿರುಗಿ ನೋಡಲಿಲ್ಲ, ಫ್ರೀ ಮಂದಿ ಎಂದು ಅಂದ. ಹುಡುಗಿ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು.

"ಆಯಿ, ಚೀಲ ಕಳಿಸಿಕೊಟ್ಟಾಂವನೂ ಅವನ ಅಲ್ಲ?"

"ಹೌದು."

"ಮತ್ತ ಅವನ ನೌಕರೀಗೆ ತ್ರಾಸ ಆದ್ರ?"

"ಅದನ್ನೂ ಬರೀತೇನಿ. ಮಾಡಿದ್ದು ಎರಡೂ ಅವನ. ಒಂದರಾಗ ಇನ್ನೊಂದನ್ನ ಕಳದು ಲೆಕ್ಕಾ ಮುಗಸಾಕ ನಾ ಅಂಗಡೀಕಾರ ಅಲ್ಲ."

ಅವಳಿಗೆ ಒಪ್ಪಿಗೆಯಾಗಲಿಲ್ಲ, ಆದರೆ ನನ್ನ ಕೈ ತಡೆಯಲಿಲ್ಲ. ಚೀಲ ಮರಳಿಸಿದ್ದಕ್ಕೆ ಕೃತಜ್ಞತೆಯನ್ನು ಪ್ರತ್ಯೇಕ ಸಾಲಿನಲ್ಲಿ ಬರೆದೆ. ಬಸುರಿ ನಿಂತಿದ್ದ ಸಂಗತಿಯನ್ನೂ ಸೇರಿಸಿದೆ, ಅದು ಯಾವ ಡಿಪೊಕ್ಕೂ ಸಂಬಂಧಪಟ್ಟದ್ದಲ್ಲ ಎಂದು ಗೊತ್ತಿದ್ದರೂ. ಒಮ್ಮೆ ಓದಿದೆ, ಸಹಿ ಮಾಡಿದೆ, ಲಕೋಟೆಗೆ ಹಾಕಿ ಅಂಟು ಹಚ್ಚಿ ಮುಚ್ಚಿದೆ.